ಹೆಸರಿನ ತವರು

ಚಳ್ಳಕೆರೆಯ ಕಡೆ ಯಾವ ತರಗತಿಯಲ್ಲಾದರೂ ಹಾಜರಿ ಕರೆಯುವ ಅಧ್ಯಾಪಕನಿಗೆ ಮೊದಲ ವಾರದಲ್ಲಿಯೇ ಒಂದು ಪಾಠವಾಗುತ್ತದೆ. ‘ತಿಪ್ಪೇಸ್ವಾಮಿ’ ಎಂದು ಕೂಗಿದೊಡನೆ ಮೂವರು ಹುಡುಗರು ಒಟ್ಟಿಗೆ ಎದ್ದು ನಿಲ್ಲುತ್ತಾರೆ; ಹಿಂದಿನ ಬೆಂಚಿನಿಂದ ನಾಲ್ಕನೆಯವನು ಅರ್ಧ ಎದ್ದು, ತನ್ನನ್ನೋ ಅಲ್ಲವೋ ಎಂದು ಅನುಮಾನಿಸುತ್ತಾನೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಪಡೆದ ಮಕ್ಕಳಿಗೆ ಆ ಹೆಸರನ್ನೇ ಇಡುವುದು ಈ ಸೀಮೆಯ ಭಕ್ತಿಯ ರೀತಿ. ಓಬಯ್ಯ, ಬೋರಯ್ಯ, ಪಾಲಯ್ಯ ಎಂಬ ಹೆಸರುಗಳ ಕಥೆಯೂ ಹೀಗೆಯೇ. ಆದರೂ ಊರೊಳಗೆ ಯಾರಿಗೂ ತೊಡಕಾಗುವುದಿಲ್ಲ. ಮನೆಯೊಳಗೆ ತಾಯಿ ‘ತಿಪ್ಪೇಸ್ವಾಮೀ’ ಎಂದರೆ ಮಗನು ಓಗೊಡುತ್ತಾನೆ. ಆ ಹೆಸರಿನ ಮಗನಿಲ್ಲದ ಮನೆಯಲ್ಲಿ ‘ತಿಪ್ಪೇಸ್ವಾಮಿ ಹತ್ತಿರ ಎಣ್ಣೆ ತಾ’ ಎಂದರೆ ಬೀದಿಯ ಕೊನೆಯ ಅಂಗಡಿಯವನೆಂದು ಅರ್ಥ. ಅಂಥ ಅಂಗಡಿಯೂ ಇಲ್ಲದ ಊರಿನಲ್ಲಿ ‘ತಿಪ್ಪೇಸ್ವಾಮಿ ಕಾಪಾಡಬೇಕು’ ಎಂದು ನಿಟ್ಟುಸಿರಿಟ್ಟರೆ ನಾಯಕನಹಟ್ಟಿಯ ಗದ್ದುಗೆಯ ಕಡೆಗೇ ಕೈ ಮುಗಿದಂತೆ.

ಹೆಸರು ಒಂದೇ, ಅದು ಸೂಚಿಸುವ ವ್ಯಕ್ತಿ ಮಾತ್ರ ಅದನ್ನು ಉಚ್ಚರಿಸಿದ ಆವರಣಕ್ಕೆ ತಕ್ಕಂತೆ ಬೇರೆ ಬೇರೆ. ನಾವು ಮೊದಲು ಮನೆಯಲ್ಲಿ ಹುಡುಕುತ್ತೇವೆ, ಅಲ್ಲಿಲ್ಲದಿದ್ದರೆ ಬೀದಿಯಲ್ಲಿ, ಅಲ್ಲಿಯೂ ಇಲ್ಲದಿದ್ದರೆ ಊರಿನಲ್ಲಿ, ಕಡೆಗೆ ಸೀಮೆಯಲ್ಲಿ. ಒಳಗೆ ಸಿಕ್ಕಿದರೆ ಹೊರಗೆ ಹೋಗುವುದಿಲ್ಲ. ಮನೆಯ ತಿಪ್ಪೇಸ್ವಾಮಿಯು ಊರ ತಿಪ್ಪೇಸ್ವಾಮಿಯನ್ನು ಮರೆಮಾಡುತ್ತಾನೆ. ಇದನ್ನು ನಮಗೆ ಯಾರೂ ಕಲಿಸಿದುದಿಲ್ಲ. ಮಾತಿನೊಡನೆ ತಾನಾಗಿ ಬಂದದ್ದು.

ಇಷ್ಟು ಸಾಧಾರಣವಾದ ಸಂಗತಿಯು ಒಂದು ದಿನ ನನ್ನನ್ನು ಕಾಡಬಹುದೆಂದು ನಾನು ಎಣಿಸಿರಲಿಲ್ಲ. ಅದು ನಡೆದದ್ದು ಕಾವ್ಯದ ವಿಷಯದಲ್ಲಿ ಅಲ್ಲ, ಮಳೆಯ ಲೆಕ್ಕದಲ್ಲಿ.

ನನ್ನಲ್ಲಿ ಹಿಂದೆ ಕನ್ನಡ ಓದಿದ್ದ ವಿದ್ಯಾರ್ಥಿನಿಯೊಬ್ಬಳು ಮುಂದೆ ಭೂಗೋಳಶಾಸ್ತ್ರದಲ್ಲಿ ಎಂ.ಎ. ತರಗತಿಗೆ ಸೇರಿ, ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಮಳೆಯನ್ನು ಕುರಿತು ಒಂದು ಪ್ರಬಂಧವನ್ನು ಬರೆಯುತ್ತಿದ್ದಳು. ಎರಡೂ ಕೆಂಪು ನೆಲದ, ಕುರುಚಲು ಗುಡ್ಡಗಳ, ಮುಗಿಲನ್ನು ನಂಬಿ ಶೇಂಗಾ ಬಿತ್ತುವ ತಾಲ್ಲೂಕುಗಳು. ಚಳ್ಳಕೆರೆಯ ಎಣ್ಣೆ ಗಿರಣಿಗಳು ತಿರುಗುವುದೂ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಗೆ ಮುಂಗಡ ಕೊಡುವವರು ಬರುವುದೂ ಕಡೆಗೆ ಮಳೆಯ ಮೇಲೆಯೇ ನಿಂತಿದೆಯೆಂದರೆ ಅತಿಶಯೋಕ್ತಿಯಲ್ಲ. ಬರೆದ ಕನ್ನಡವನ್ನು ತಿದ್ದಿಕೊಡಬೇಕೆಂದು ಅವಳು ಹಸ್ತಪ್ರತಿಯನ್ನು ನನ್ನ ಕೈಗಿತ್ತಳು.

ಮಳೆಯ ದಿನಗಳ ಎಣಿಕೆ ಆ ಪ್ರಬಂಧದ ಬೆನ್ನೆಲುಬು. ನಾಲ್ಕು ಹನಿ ಬಿದ್ದ ದಿನವೆಲ್ಲ ಮಳೆಯ ದಿನವಲ್ಲ, 2.5 ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು ಬಿದ್ದರೆ ಮಾತ್ರ ಅದನ್ನು ಮಳೆಯ ದಿನವೆಂದು ಭಾರತದ ಹವಾಮಾನ ಇಲಾಖೆ ಲೆಕ್ಕಕ್ಕೆ ಹಿಡಿಯುತ್ತದೆ. ದಿನದಿನದ ಅಂಕೆಗಳನ್ನು ವರ್ಷಗಟ್ಟಲೆ ಕೈಯಿಂದ ಎಣಿಸುವ ಕಾಲ ಹೋಯಿತಷ್ಟೆ. ಅವಳು ‘ಆರ್’ ಎಂಬ ಸಂಖ್ಯಾಶಾಸ್ತ್ರದ ಗಣಕಭಾಷೆಯಲ್ಲಿ ಒಂದು ಸಣ್ಣ ವಿಧಿಯನ್ನು ಬರೆದು, ಎರಡು ತಾಲ್ಲೂಕಿನ ಅಂಕೆಗಳನ್ನೂ ಅದಕ್ಕೆ ಉಣಿಸಿದ್ದಳು. ಬಂದ ಫಲ ವಿಸ್ಮಯಕರವಾಗಿತ್ತು: ಮೊಳಕಾಲ್ಮೂರಿನಲ್ಲಿ ಮಳೆಯ ದಿನಗಳು ಚಳ್ಳಕೆರೆಯ ಅರ್ಧಕ್ಕಿಂತಲೂ ತೀರ ಕಡಮೆ! ಒಂದೇ ಮುಗಿಲಿನ ಕೆಳಗಣ ನೆರೆಹೊರೆಯ ತಾಲ್ಲೂಕುಗಳಲ್ಲಿ ಇಷ್ಟು ಅಂತರವೇಕೆ? ಅದಕ್ಕೂ ಅವಳು ಉತ್ತರವನ್ನು ಕಂಡುಕೊಂಡಿದ್ದಳು. ಗುಡ್ಡಸಾಲುಗಳು ಗಾಳಿಗೆ ಅಡ್ಡ ನಿಂತ ಬಗೆ, ಕುರುಚಲು ಕಾಡು ತೆಳುವಾದ ಬಗೆ, ಮೋಡವು ತಲೆಯ ಮೇಲೆಯೇ ಹಾದು ಆಚೆಗೆ ಹೋಗುವ ಬಗೆ—ಎಲ್ಲವನ್ನೂ ಒಂದು ಪುಟದಲ್ಲಿ ಮನಮುಟ್ಟುವಂತೆ ವಿವರಿಸಿದ್ದಳು.

ನಾನು ಆ ಪುಟವನ್ನು ಓದಿ ಮೆಚ್ಚಿದೆ. ಎರಡು ಕಾಗುಣಿತದ ತಪ್ಪುಗಳನ್ನು ತಿದ್ದಿ, ಅಂಚಿನಲ್ಲಿ ‘ಬಹಳ ಚೆನ್ನಾಗಿದೆ’ ಎಂದು ಬರೆದೆ. ಇದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಏಕೆಂದರೆ ಆ ಪುಟದಲ್ಲಿ ಇದ್ದದ್ದು ಇಲ್ಲದ ಸಂಗತಿಯೊಂದಕ್ಕೆ ಕೊಟ್ಟ ಸೊಗಸಾದ ಕಾರಣ.

ಪ್ರಬಂಧದ ಕಡೆಯಲ್ಲಿ ಅವಳು ತನ್ನ ಗಣಕವಿಧಿಯನ್ನೂ ಅನುಬಂಧವಾಗಿ ಸೇರಿಸಿದ್ದಳು. ಅದನ್ನು ತಿದ್ದುವ ಅಧಿಕಾರ ನನಗೆ ಎಲ್ಲಿಂದ ಬರಬೇಕು? ಆದರೆ ವ್ಯಾಕರಣ ಹೇಳುವವನ ಕಣ್ಣು ಸುಮ್ಮನಿರದು. ಯಾವ ಬರಹ ಎದುರಾದರೂ ಕರ್ತೃವೆಲ್ಲಿ, ಕರ್ಮವೆಲ್ಲಿ ಎಂದು ಹುಡುಕುತ್ತದೆ. ಆ ವಿಧಿಯ ತಾತ್ಪರ್ಯ ಇಷ್ಟೆ: ‘ಅಂಕೆಗಳ ಪಟ್ಟಿಯೊಂದನ್ನು ಕೊಡಿ, ಅದರಲ್ಲಿ ಮಿತಿಗೆ ಸಮನಾದ, ಇಲ್ಲವೆ ಮಿತಿಯನ್ನು ಮೀರಿದ ದಿನಗಳೆಷ್ಟೆಂದು ಎಣಿಸಿ ಹೇಳುತ್ತೇನೆ.’ ವಾಕ್ಯದಲ್ಲಿ ‘ಅಂಕೆಗಳ ಪಟ್ಟಿ’ ಯಾವುದೆಂಬುದು ತಿಳಿಯುತ್ತಿತ್ತು. ಅದನ್ನು ಕೊಟ್ಟವರು ಯಾರೆಂಬುದೂ ತಿಳಿಯುತ್ತಿತ್ತು. ‘ಮಿತಿ’ ಮಾತ್ರ ಎಲ್ಲಿಂದ ಬಂತೆಂಬುದು ತಿಳಿಯಲಿಲ್ಲ.

“ಯಾವ ಮಿತಿಯಮ್ಮಾ ಇದು?” ಎಂದು ಕೇಳಿದೆ.

“ಎರಡೂವರೆ ಮಿಲಿಮೀಟರು, ಸಾರ್. ಮೇಲೆ ಹೇಳಿದೀನಲ್ಲ” ಎಂದಳು.

ಮೇಲೆ ಹೇಳಿದ್ದಳು, ನಿಜ. ಆದರೆ ನಡುವೆ ಇನ್ನೊಂದನ್ನೂ ಹೇಳಿದ್ದಳು. ಚಳ್ಳಕೆರೆಯ ಎಣಿಕೆ ಮುಗಿದ ಮೇಲೆ, ಶೇಂಗಾ ಬಿತ್ತನೆಗೆ ಒದಗುವಂಥ ಹದವಾದ ಮಳೆ ಎಷ್ಟು ದಿನ ಬಿತ್ತೆಂದು ನೋಡಲು ‘ಮಿತಿ’ಯನ್ನು 20 ಎಂದು ಬದಲಿಸಿದ್ದಳು. ಅದನ್ನು ಮತ್ತೆ 2.5ಕ್ಕೆ ತರಲು ಮರೆತಿದ್ದಳು. ಆ ಮೇಲೆ ಮೊಳಕಾಲ್ಮೂರಿನ ಎಣಿಕೆ. ಚಳ್ಳಕೆರೆಯ ಮಳೆಯನ್ನು ಒಂದು ಕೊಳಗದಲ್ಲಿ ಅಳೆದು, ಮೊಳಕಾಲ್ಮೂರಿನ ಮಳೆಯನ್ನು ಅದಕ್ಕೆ ಎಂಟರಷ್ಟು ದೊಡ್ಡದಾದ ಇನ್ನೊಂದು ಕೊಳಗದಲ್ಲಿ ಅಳೆದಂತಾಗಿತ್ತು. ಗಣಕವು ತುಟಿಪಿಟಕ್ಕೆನ್ನಲಿಲ್ಲ. ಕೇಳಿದ್ದನ್ನು ಕೊಟ್ಟಿತು.

ಇಲ್ಲಿ ತಪ್ಪಿದ್ದು ಅವಳ ಮರೆವು ಮಾತ್ರವೇ? ಆ ಭಾಷೆಯಲ್ಲಿ ಹೆಸರುಗಳು ಅರ್ಥವನ್ನು ಪಡೆಯುವ ನಿಯಮವನ್ನು ತಿಳಿದಲ್ಲದೆ ಉತ್ತರ ಹೇಳುವಂತಿಲ್ಲ. ಅವಳಿಂದಲೇ ಕೇಳಿ, ಪುಸ್ತಕಗಳನ್ನೂ ತಿರುವಿ ನಾನು ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತೇನೆ.

ಇಂಥ ಭಾಷೆಗಳಲ್ಲಿ ಒಂದು ಕೆಲಸವನ್ನು ಮಾಡುವ ವಿಧಿಗೆ ‘ಫಂಕ್ಷನ್’ ಎಂದು ಹೆಸರು. ಅದು ಒಂದು ಮನೆಯಿದ್ದಂತೆ. ಬಾಗಿಲಿನಿಂದ ಒಳಗೆ ಬಂದ ವಸ್ತುಗಳಿಗೂ ಒಳಗೇ ಹುಟ್ಟಿದ ವಸ್ತುಗಳಿಗೂ ಅಲ್ಲಿ ಹೆಸರಿರುತ್ತದೆ. ಆ ಹೆಸರುಗಳ ವ್ಯಾಪ್ತಿ ಆ ಮನೆಯ ಗೋಡೆಯವರೆಗೆ. ಕೆಲಸ ಮುಗಿದು ಫಲವು ಹೊರಬಿದ್ದ ಮೇಲೆ ಒಳಗಿನ ಹೆಸರುಗಳು ಹೊರಗಿನವರಿಗೆ ಕಾಣವು. ಮನೆಯೊಳಗೆ ಯಾರಾದರೂ ‘ಮಿತಿಯು ಇನ್ನು 20’ ಎಂದು ಬರೆದರೆ ಆ ಮನೆಯ ಮಿತಿ ಬದಲಾಗುತ್ತದೆಯೇ ಹೊರತು ಊರ ಮಿತಿಯು ಅಲುಗುವುದಿಲ್ಲ. ಹೊರಗಿನದನ್ನೇ ತಿದ್ದಬೇಕೆಂಬ ಹಟವಿದ್ದವರಿಗೆ ‘ಆರ್’ ಭಾಷೆಯಲ್ಲಿ ಇಮ್ಮಡಿ ತಲೆಯ ಬಾಣದ ಗುರುತೊಂದುಂಟು. ತಿಳಿದವರು ಅದನ್ನು ಮಿತವಾಗಿ ಬಳಸುತ್ತಾರೆ.

ಮನೆಯೊಳಗೆ ಹುಟ್ಟದ, ಬಾಗಿಲಿನಿಂದಲೂ ಬಾರದ ಹೆಸರನ್ನು ಫಂಕ್ಷನ್ನು ಉಚ್ಚರಿಸಿದರೆ ಏನಾಗಬೇಕು? ಇಂಥ ಹೆಸರನ್ನು ಶಾಸ್ತ್ರಜ್ಞರು ‘ಮುಕ್ತ ಚರ’ವೆಂದು ಕರೆಯುತ್ತಾರೆ. ಅದಕ್ಕೆ ಅರ್ಥವನ್ನು ಹೊರಗೆ ಹುಡುಕಬೇಕು. ಆದರೆ ‘ಹೊರಗೆ’ ಎಂದರೆ ಎಲ್ಲಿ? ಇಡೀ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ.

ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳನ್ನು ನೆನೆಯಿರಿ. ಮೊಳಕಾಲ್ಮೂರಿನಲ್ಲಿ ಹುಟ್ಟಿದವಳು ಚಳ್ಳಕೆರೆಯ ಮನೆಗೆ ಸೊಸೆಯಾಗಿ ಬಂದಿದ್ದಾಳೆ. ‘ನಮ್ಮ ಬಾವಿಯ ನೀರು ಸಿಹಿ’ ಎಂದು ಅವಳು ಹೇಳಿದರೆ ಯಾವ ಬಾವಿ? ಅವಳು ಹುಟ್ಟಿ ಬೆಳೆದ ಮನೆಯದೇ, ಇಂದು ನಿಂತು ಮಾತನಾಡುತ್ತಿರುವ ಮನೆಯದೇ? ಗಣಕಭಾಷೆಗಳನ್ನು ನಿರ್ಮಿಸಿದವರು ಈ ಪ್ರಶ್ನೆಗೆ ಎರಡು ಬಗೆಯ ಉತ್ತರ ಕೊಟ್ಟಿದ್ದಾರೆ. ಫಂಕ್ಷನ್ನನ್ನು ಈಗ ಯಾರು ಕರೆದರೋ ಅವರ ಮನೆಯಲ್ಲಿ ಹುಡುಕಬೇಕೆಂಬುದು ಒಂದು ಪಕ್ಷ. ಫಂಕ್ಷನ್ನು ಎಲ್ಲಿ ಹುಟ್ಟಿತೋ, ಅಂದರೆ ಯಾವ ಬರಹದ ನಡುವೆ ಬರೆಯಲ್ಪಟ್ಟಿತೋ, ಆ ತವರಿನಲ್ಲಿ ಹುಡುಕಬೇಕೆಂಬುದು ಇನ್ನೊಂದು ಪಕ್ಷ. ಮೊದಲನೆಯದು ಚಲಿಸುವ ವ್ಯಾಪ್ತಿ. ಎರಡನೆಯದು ಬರಹದ ವ್ಯಾಪ್ತಿ. ಮೊದಲನೆಯದರಲ್ಲಿ ಒಂದೇ ಫಂಕ್ಷನ್ನಿಗೆ ಕರೆದವರ ಮನೆಗೆ ತಕ್ಕಂತೆ ಬೇರೆ ಬೇರೆ ಅರ್ಥವಾಗುತ್ತದೆ. ಎರಡನೆಯದರಲ್ಲಿ ಬರಹವನ್ನು ಓದಿದ ಮಾತ್ರಕ್ಕೆ ಎಲ್ಲಿ ಹುಡುಕಬೇಕೆಂಬುದು ತಿಳಿಯುತ್ತದೆ; ಅದನ್ನು ಯಾರು ಯಾವಾಗ ಕರೆಯುವರೋ ಎಂದು ಊಹಿಸುವ ಕಷ್ಟವಿಲ್ಲ.

ಈ ಎರಡು ಪಕ್ಷಗಳ ಇತಿಹಾಸವೂ ರಸವತ್ತಾಗಿದೆ. 1958ರ ಸುಮಾರಿಗೆ ಅಮೆರಿಕದಲ್ಲಿ ಜಾನ್ ಮೆಕಾರ್ಥಿ ರೂಪಿಸಿದ ‘ಲಿಸ್ಪ್’ ಭಾಷೆಯಲ್ಲಿ ಮೊದಲು ನಡೆದದ್ದು ಕರೆದವರ ಮನೆಯಲ್ಲಿ ಹುಡುಕುವ ಪದ್ಧತಿ. ಯೂರೋಪು ಮತ್ತು ಅಮೆರಿಕದ ವಿದ್ವಾಂಸರು ಕೂಡಿ ಸಿದ್ಧಪಡಿಸಿದ ‘ಆಲ್ಗಾಲ್ 60’ ಭಾಷೆಯು ತವರಿನ ಪಕ್ಷವನ್ನು ಹಿಡಿಯಿತು. 1975ರಲ್ಲಿ ಗೈ ಸ್ಟೀಲ್ ಮತ್ತು ಜೆರಾಲ್ಡ್ ಸಸ್‌ಮನ್ ಎಂಬಿಬ್ಬರು ಲಿಸ್ಪಿನ ಕುಲದಲ್ಲಿಯೇ ‘ಸ್ಕೀಮ್’ ಎಂಬ ಹೊಸ ಭಾಷೆಯನ್ನು ಹುಟ್ಟಿಸಿ ಅದಕ್ಕೆ ಬರಹದ ವ್ಯಾಪ್ತಿಯನ್ನು ಕೊಟ್ಟರು. ಇತ್ತ 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಂಗಡಿಗರು ಸಂಖ್ಯಾಶಾಸ್ತ್ರಕ್ಕೆಂದೇ ‘ಎಸ್’ ಎಂಬ ಭಾಷೆಯನ್ನು ಆರಂಭಿಸಿದ್ದರು. 1990ರ ದಶಕದ ಮೊದಲಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾನಿಲಯದಲ್ಲಿದ್ದ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಇವರು ಎಸ್ ಭಾಷೆಯ ಉಡುಪನ್ನೂ ಸ್ಕೀಮ್ ಭಾಷೆಯ ಒಳಗುಣವನ್ನೂ ಕೂಡಿಸಿ ‘ಆರ್’ ಭಾಷೆಯನ್ನು ಕಟ್ಟಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಅದೇ. 1995ರಲ್ಲಿ ಅದನ್ನು ಯಾರು ಬೇಕಾದರೂ ಪಡೆದು, ನೋಡಿ, ತಿದ್ದಿ, ಹಂಚಬಹುದಾದ ಸ್ವತ್ತಾಗಿ ಬಿಟ್ಟುಕೊಟ್ಟರು. 2000ದ ಫೆಬ್ರುವರಿ 29ರಂದು ಅದರ 1.0.0 ಆವೃತ್ತಿ ಹೊರಬಂತು. ಹಣ ಕೊಟ್ಟು ಕೊಳ್ಳಬೇಕಾದ ಭಾಷೆಯಾಗಿದ್ದರೆ ಮೊಳಕಾಲ್ಮೂರಿನ ಹುಡುಗಿಯ ಕೈಗೆ ಅದು ಸುಲಭವಾಗಿ ಬರುತ್ತಿರಲಿಲ್ಲ.

ಎಸ್ ಮತ್ತು ಆರ್ ಭಾಷೆಗಳು ಕೂಡಿಬಾಳಿ ಬೇರಾದ ಸ್ಥಳ ಈ ಹೆಸರಿನ ತವರೇ. ಅದನ್ನು ತೋರಿಸುವ ಪುಟ್ಟ ಉದಾಹರಣೆಯೊಂದು ಆರ್ ಭಾಷೆಯ ಕೈಪಿಡಿಯಲ್ಲಿದೆ. ಒಂದು ಸಂಖ್ಯೆಯ ಘನವನ್ನು ಕಂಡುಹಿಡಿಯುವ ಫಂಕ್ಷನ್ನಿನ ಒಳಗೆ ಅದರ ವರ್ಗವನ್ನು ಕಂಡುಹಿಡಿಯುವ ಇನ್ನೊಂದು ಫಂಕ್ಷನ್ನಿದೆ. ಒಳಗಿನದಕ್ಕೆ ಸಂಖ್ಯೆಯನ್ನು ಬಾಗಿಲಿನಿಂದ ಕೊಟ್ಟಿಲ್ಲ. ‘ಆ ಸಂಖ್ಯೆಯನ್ನು ಅದರಿಂದಲೇ ಗುಣಿಸು’ ಎಂದಷ್ಟೇ ಹೇಳಿದೆ. ಹೊರಗಿನ ಫಂಕ್ಷನ್ನಿಗೆ ನಾವು 2 ಎಂಬುದನ್ನು ಕೊಟ್ಟೆವೆನ್ನೋಣ. ಎಸ್ ಭಾಷೆಯಲ್ಲಿ ಒಳಗಿನ ಫಂಕ್ಷನ್ನು ತನ್ನನ್ನು ಹೆತ್ತ ಮನೆಯನ್ನು ನೋಡದೆ ನೇರವಾಗಿ ಊರಬಯಲಿಗೆ ಹೋಗುತ್ತದೆ. ಅಲ್ಲಿ ಆ ಹೆಸರಿನ ಸಂಖ್ಯೆ ಇಲ್ಲದಿದ್ದರೆ ‘ಸಿಕ್ಕಲಿಲ್ಲ’ ಎಂದು ನಿಂತುಬಿಡುತ್ತದೆ. ಅಕಸ್ಮಾತ್ತಾಗಿ ಯಾರೋ ಅಲ್ಲಿ 3 ಎಂದು ಬಿಟ್ಟುಹೋಗಿದ್ದರೆ, ಮೂರು ಮೂರಲ ಒಂಬತ್ತು, ಎರಡು ಒಂಬತ್ತಲ ಹದಿನೆಂಟು ಎನ್ನುತ್ತದೆ. ಎರಡರ ಘನ 18! ಆರ್ ಭಾಷೆಯಲ್ಲಿ ಒಳಗಿನ ಫಂಕ್ಷನ್ನು ತವರನ್ನು ವಿಚಾರಿಸುತ್ತದೆ, ಅಲ್ಲಿ 2 ಸಿಕ್ಕುತ್ತದೆ, ಫಲ 8.

ಆರ್ ಭಾಷೆಯ ಹುಡುಕಾಟ ನಮ್ಮ ತಿಪ್ಪೇಸ್ವಾಮಿಯ ಹುಡುಕಾಟದಂತೆಯೇ ಸಾಗುತ್ತದೆ. ಮೊದಲು ಫಂಕ್ಷನ್ನಿನ ಒಳಗೆ. ಅಲ್ಲಿಲ್ಲದಿದ್ದರೆ ಅದು ಹುಟ್ಟಿದ ಮನೆಯಲ್ಲಿ. ಆ ಮನೆಯೂ ಇನ್ನೊಂದರೊಳಗೆ ಹುಟ್ಟಿದ್ದರೆ ಅಲ್ಲಿ. ಆಮೇಲೆ ಬಳಸುವವನು ತೆರೆದಿಟ್ಟುಕೊಂಡಿರುವ ಅಂಗಳದಲ್ಲಿ. ಅದರಾಚೆ, ಅವನು ತರಿಸಿಕೊಂಡಿರುವ ಗಂಟುಗಳಲ್ಲಿ. ಕಡೆಗೆ ಭಾಷೆಯ ಮೂಲಭಂಡಾರದಲ್ಲಿ. ಅಲ್ಲಿಯೂ ಸಿಕ್ಕದಿದ್ದರೆ ಮಾತ್ರ ‘ಇಲ್ಲ’ ಎಂಬ ಉತ್ತರ. ವೃತ್ತದ ಲೆಕ್ಕಕ್ಕೆ ಬೇಕಾದ ‘ಪೈ’ ಎಂಬುದು ಮೂಲಭಂಡಾರದಲ್ಲಿದೆ. ಆದರೆ ನನ್ನ ಅಂಗಳದಲ್ಲಿ ನಾನೇ ‘ಪೈ ಎಂದರೆ 3’ ಎಂದು ಬರೆದುಕೊಂಡರೆ ಗಣಕವು ಬೇಡವೆನ್ನುವುದಿಲ್ಲ. ನನ್ನ ಚಕ್ರಗಳೆಲ್ಲ ಅಂದಿನಿಂದ ಕೊಂಚ ಕಿರಿದಾಗುತ್ತವೆ, ಅಷ್ಟೆ.

ಹಾಗಾದರೆ ತವರನ್ನು ಇಷ್ಟು ನಿಷ್ಠೆಯಿಂದ ಕಾಯುವ ಭಾಷೆ ನನ್ನ ವಿದ್ಯಾರ್ಥಿನಿಯನ್ನು ಹೇಗೆ ವಂಚಿಸಿತು? ಅವಳ ಫಂಕ್ಷನ್ನು ಹುಟ್ಟಿದ್ದು ತೆರೆದ ಅಂಗಳದಲ್ಲಿ. ಆದುದರಿಂದ ಆ ಅಂಗಳವೇ ಅದರ ತವರು. ‘ಮಿತಿ’ಯನ್ನು ಅದು ಹುಡುಕಿದ್ದೂ ಅಲ್ಲಿಯೇ, ನಿಯಮಕ್ಕೆ ಲೋಪವಿಲ್ಲ. ಆದರೆ ಎಲ್ಲಿ ಹುಡುಕಬೇಕೆಂಬುದು ಫಂಕ್ಷನ್ನು ಹುಟ್ಟಿದಾಗ ಗೊತ್ತಾಗುತ್ತದೆ. ಅಲ್ಲಿ ಏನು ಸಿಕ್ಕುವುದೆಂಬುದು ಅದು ಓಡಿದಾಗ ಮಾತ್ರ ಗೊತ್ತಾಗುತ್ತದೆ. ತವರಿನ ವಿಳಾಸ ಬದಲಾಗದು. ತವರಿನ ಗಡಿಗೆಯಲ್ಲಿ ಹಾಲಿದೆಯೋ ಮಜ್ಜಿಗೆಯಿದೆಯೋ ಎಂಬುದನ್ನು ಹೋದ ದಿನವೇ ನೋಡಬೇಕು. ಆ 20 ಎಂಬ ಮಿತಿಯನ್ನು ಅವಳು ಬೇರೊಂದು ಫಂಕ್ಷನ್ನಿನ ಗೋಡೆಯೊಳಗೆ ಬರೆದಿದ್ದರೆ, ಅಲ್ಲಿಂದಲೇ ಮಳೆದಿನದ ಫಂಕ್ಷನ್ನನ್ನು ಕರೆದಿದ್ದರೂ ಚಿಂತೆಯಿರಲಿಲ್ಲ. ಅದು ಕರೆದವರ ಮಿತಿಯನ್ನು ಕೇಳದೆ ತನ್ನ ತವರಿನ 2.5ನ್ನೇ ಹಿಡಿಯುತ್ತಿತ್ತು. ಅವಳು ಬದಲಿಸಿದ್ದು ತವರನ್ನೇ.

ಇದೆಲ್ಲ ಪಾಶ್ಚಾತ್ಯರ ಯಂತ್ರದ ಮಾತು, ನಮಗೇಕೆ ಎಂದು ಭಾಷಾಭ್ಯಾಸಿಗಳು ಮುಖ ತಿರುಗಿಸಬೇಕಾಗಿಲ್ಲ. ಪಾಣಿನಿಯ ಸುಮಾರು 4,000 ಸೂತ್ರಗಳನ್ನು ಓದಿದವರು ಅನುವೃತ್ತಿಯನ್ನು ಬಲ್ಲರು. ಹಿಂದಿನ ಸೂತ್ರದಲ್ಲಿ ಒಮ್ಮೆ ಹೇಳಿದ ಪದವನ್ನು ಮುಂದಿನ ಸೂತ್ರ ಮತ್ತೆ ಹೇಳದು. ಓದುಗನು ಮೇಲಿನಿಂದ ಅದನ್ನು ತಂದುಕೊಳ್ಳಬೇಕು. ಅಧಿಕಾರಸೂತ್ರವಂತೂ ಒಂದು ಇಡೀ ಪ್ರಕರಣದ ಮೇಲೆ ಚಪ್ಪರದಂತೆ ಹರಡಿರುತ್ತದೆ. ಅದರ ನೆರಳು ಎಲ್ಲಿಯವರೆಗೆ ಎಂಬ ಚರ್ಚೆಯಲ್ಲಿ ವ್ಯಾಖ್ಯಾನಕಾರರು ಪುಟಗಳನ್ನೇ ತುಂಬಿದ್ದಾರೆ. 1604ರಲ್ಲಿ ಭಟ್ಟಾಕಳಂಕದೇವನು ಕನ್ನಡ ಭಾಷೆಗೆ 592 ಸಂಸ್ಕೃತ ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದಾಗ ಅನುಸರಿಸಿದ್ದು ಆ ದಾರಿಯನ್ನೇ. ಸೂತ್ರವನ್ನು ಯಾರು ಯಾವ ಪದಕ್ಕೆ ಅನ್ವಯಿಸಿದರೂ ಅದಕ್ಕೆ ಬೇಕಾದ ಪದ ಬರುವುದು ಅದು ಬರೆಯಲ್ಪಟ್ಟ ಸ್ಥಾನದಿಂದ. ಬರಹದ ವ್ಯಾಪ್ತಿ ಎಂದರೆ ಇದಕ್ಕಿಂತ ಬೇರೇನು? ಸೂತ್ರವೊಂದನ್ನು ಅದರ ನೆರೆಯಿಂದ ಕಿತ್ತು ಬಾಯಿಪಾಠ ಮಾಡಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ತಬ್ಬಿಬ್ಬಾಗುವುದನ್ನು ಪ್ರತಿವರ್ಷವೂ ಕಾಣುತ್ತೇವೆ. ಅವನ ಬಾಯಲ್ಲಿ ಸೂತ್ರವಿದೆ, ಸೂತ್ರಕ್ಕೆ ತವರಿಲ್ಲ.

ಇನ್ನೊಂದು ಸ್ವಾರಸ್ಯವನ್ನೂ ಹೇಳಬೇಕು. ‘ಅರಸು’ ಎಂಬುದು ನಮ್ಮಲ್ಲಿ ದೊರೆಯೂ ಹೌದು, ಹುಡುಕು ಎಂಬ ಕ್ರಿಯೆಯೂ ಹೌದು. ‘ಅರಸು ಅರಸಿದನು’ ಎಂದರೆ ಯಾರೂ ಎಡವುವುದಿಲ್ಲ. ಕ್ರಿಯೆಯ ಸ್ಥಾನದಲ್ಲಿರುವುದು ಕ್ರಿಯೆ, ಕರ್ತೃವಿನ ಸ್ಥಾನದಲ್ಲಿರುವುದು ದೊರೆ. ಆರ್ ಭಾಷೆಗೂ ಈ ವಿವೇಕವಿದೆ. ಒಂದೇ ಹೆಸರು ಒಂದೆಡೆ ಸಂಖ್ಯೆಯಾಗಿಯೂ ಇನ್ನೊಂದೆಡೆ ಫಂಕ್ಷನ್ನಾಗಿಯೂ ಇದ್ದರೆ, ಕೆಲಸಕ್ಕೆ ಕರೆಯುವ ಸ್ಥಾನದಲ್ಲಿ ಆ ಹೆಸರು ಕಂಡಾಗ ಅದು ಸಂಖ್ಯೆಯನ್ನು ದಾಟಿ ಮುಂದೆ ಹೋಗಿ ಫಂಕ್ಷನ್ನನ್ನೇ ಹುಡುಕುತ್ತದೆ.

ಆ ಘಟನೆಯಾದ ಕೆಲವು ವಾರಗಳ ಮೇಲೆ ವಿದ್ಯಾರ್ಥಿಗಳೊಡನೆ ಬ್ರಹ್ಮಗಿರಿಗೆ ಹೋಗಿದ್ದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಶಿಲಾಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಊರವರು ಅಕ್ಷರಗುಂಡು ಎಂದು ಕರೆಯುವ ಆ ಬಂಡೆಯ ಮುಂದೆ ನಿಂತಾಗ ನನಗೆ ಮಳೆಯ ಲೆಕ್ಕವೇ ಮತ್ತೆ ನೆನಪಾಯಿತು. ಸುವರ್ಣಗಿರಿಯಿಂದ ‘ಆರ್ಯಪುತ್ರ’ನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕ್ಷೇಮವನ್ನು ಕೇಳಿ ಕಳುಹಿಸಿದ ರಾಜಾಜ್ಞೆ ಅದು. ಆರ್ಯಪುತ್ರನೆಂದರೆ ಯಾವ ರಾಜಕುಮಾರ? ಹೆಸರಿಲ್ಲ. ಆಜ್ಞಾಪಿಸಿದ ‘ದೇವಾನಾಂಪ್ರಿಯ’ನೆಂದರೆ ಯಾರು? ಅಲ್ಲಿ ಅಶೋಕನೆಂಬ ಹೆಸರಿಲ್ಲ. ಬರೆದ ದಿನ ಇಸಿಲದಲ್ಲಿ ಇದನ್ನು ಕೇಳುವ ಅವಶ್ಯಕತೆಯೇ ಯಾರಿಗೂ ಇರಲಿಲ್ಲ. ಸುತ್ತಲಿನ ಲೋಕವೇ ಆ ಹೆಸರುಗಳಿಗೆ ಅರ್ಥವನ್ನು ಒದಗಿಸುತ್ತಿತ್ತು. ಲಿಪಿಕಾರ ಚಪಡನು ತಾನು ಬರೆದೆನೆಂಬುದನ್ನು ಹೇಳಿ, ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ದೂರದ ವಾಯವ್ಯ ಸೀಮೆಯ ಖರೋಷ್ಠೀ ಲಿಪಿಯಲ್ಲಿ ಕೆತ್ತಿ ಕೆಲಸ ಮುಗಿಸಿದನು.

ಆ ಲೋಕ ಅಳಿಯಿತು; ಕಲ್ಲು ಉಳಿಯಿತು. ಉತ್ತರದ ಸ್ತಂಭಗಳ ಲಿಪಿಯನ್ನು 1837ರಲ್ಲಿ ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ ಮಹಾಶಯರು ‘ದೇವಾನಾಂಪ್ರಿಯ’ ಎಂಬುದನ್ನು ಓದಿ, ತಮಗೆ ಆಗ ತಿಳಿದಿದ್ದ ಆವರಣದಲ್ಲಿ ಅದನ್ನು ಹುಡುಕಿದರು. ಸಿಂಹಳದ ಚರಿತ್ರೆಯಲ್ಲಿ ದೇವಾನಾಂಪ್ರಿಯ ತಿಸ್ಸನೆಂಬ ಅರಸನು ಸಿಕ್ಕಿದನು. ಅವನೇ ಇವನೆಂದು ಮೊದಲು ಭಾವಿಸಿದರು. ಹೆಸರು ಸಿಕ್ಕಿತು, ಮನುಷ್ಯ ಬೇರೆ! ಪ್ರಿಯದರ್ಶಿಯೆಂಬವನು ಚಂದ್ರಗುಪ್ತನ ಮೊಮ್ಮಗನಾದ ಅಶೋಕನೇ ಎಂಬುದನ್ನು ಪಾಲಿಭಾಷೆಯ ದೀಪವಂಶದಿಂದ ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಅವರು ಎತ್ತಿ ತೋರಿಸಿದ ಮೇಲೆ ಅದು ತಿದ್ದುಪಡಿಯಾಯಿತು. ಆದರೂ ಅವನದೇ ಶಾಸನದಲ್ಲಿ ಅಶೋಕನೆಂಬ ಹೆಸರು ದೊರೆತದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಪ್ರಿನ್ಸೆಪರಂಥ ಮೇಧಾವಿಯೇ ಹತ್ತಿರದ ಅಂಗಳದಲ್ಲಿ ಸಿಕ್ಕಿದ ಹೆಸರನ್ನು ನಂಬಿ ಎಡವಿದರೆಂದ ಮೇಲೆ ಎಂ.ಎ. ಓದುವ ಹುಡುಗಿಯನ್ನು ನಾವು ಎಷ್ಟು ದೂಷಿಸಬಹುದು?

ಅದೇ ಶಾಸನದಲ್ಲಿ ‘256’ ಎಂಬ ಸಂಖ್ಯೆಯೂ ಇದೆ. ಸಂಖ್ಯೆಯಲ್ಲಿ ಸಂದೇಹವಿಲ್ಲ. ಆದರೆ 256 ಏನು? ಬುದ್ಧನು ನಿರ್ವಾಣ ಹೊಂದಿದಂದಿನಿಂದ ಕಳೆದ ವರ್ಷಗಳೆಂದು ಬ್ಯೂಲರ್ ಪಂಡಿತರು ತಿಳಿದರು. ದೊರೆಯು ಪ್ರವಾಸದಲ್ಲಿ ಕಳೆದ ರಾತ್ರಿಗಳೆಂದು ಇತರ ವಿದ್ವಾಂಸರು ಅರ್ಥ ಮಾಡಿದರು. ಒಂದು ಚಕ್ರವರ್ತಿಯ ಕಾಲನಿರ್ಣಯಕ್ಕೂ ಒಂದು ವರ್ಷ ತುಂಬದ ಪ್ರವಾಸಕ್ಕೂ ಇರುವ ಅಂತರ ಸಾಮಾನ್ಯವೇ? ಸಂಖ್ಯೆಯನ್ನು ಕಲ್ಲಿನ ಮೇಲೆ ಆಳವಾಗಿ ಕೊರೆದರು; ಅದರ ಮಾನವನ್ನು ಮಾತ್ರ ಕೇಳುವವರ ತಿಳಿವಳಿಕೆಗೆ ಬಿಟ್ಟರು.

ಪರಿಹಾರ ಕಷ್ಟವಾದುದೇನೂ ಅಲ್ಲ. ಫಂಕ್ಷನ್ನಿಗೆ ಬೇಕಾದುದನ್ನು ಬಾಗಿಲಿನಿಂದಲೇ ಕೊಡುವುದು ಮೊದಲನೆಯ ದಾರಿ: ‘ಅಂಕೆಗಳನ್ನು ಕೊಡಿ, ಮಿತಿಯನ್ನೂ ಕೊಡಿ; ಮಿತಿಯನ್ನು ಹೇಳದಿದ್ದರೆ 2.5 ಎಂದು ಹಿಡಿಯುತ್ತೇನೆ’ ಎಂದು ವಿಧಿಯ ಹೊಸ್ತಿಲಲ್ಲಿಯೇ ಬರೆಯಬಹುದು. ಎರಡನೆಯದು ಇನ್ನೂ ಚೆಲುವಾದುದು. ಮಿತಿಯೊಂದನ್ನು ಪಡೆದು, ಆ ಮಿತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡ ಹೊಸ ಫಂಕ್ಷನ್ನನ್ನೇ ಹೆತ್ತುಕೊಡುವ ಫಂಕ್ಷನ್ನನ್ನು ಬರೆಯಬಹುದು. 2.5 ಕೊಟ್ಟು ಒಂದನ್ನು ಪಡೆದರೆ ಅದು ಮಳೆದಿನವನ್ನು ಎಣಿಸುತ್ತದೆ. 20 ಕೊಟ್ಟು ಇನ್ನೊಂದನ್ನು ಪಡೆದರೆ ಅದು ಬಿತ್ತನೆಯ ಮಳೆಯನ್ನು ಎಣಿಸುತ್ತದೆ. ಒಂದೇ ಬಸಿರಿನ ಮಕ್ಕಳಾದರೂ ಒಂದರ ಬುತ್ತಿಗೆ ಇನ್ನೊಂದು ಕೈಹಾಕುವುದಿಲ್ಲ. ಫಂಕ್ಷನ್ನು ಹೊರಗಿನ ಯಾವ ಯಾವ ಹೆಸರುಗಳನ್ನು ಆಶ್ರಯಿಸಿದೆಯೆಂದು ಪಟ್ಟಿ ಮಾಡಿ ತೋರಿಸುವ ‘ಕೋಡ್‌ಟೂಲ್ಸ್’ ಎಂಬ ಸಾಧನವೂ ಆ ಭಾಷೆಯ ಜೊತೆಗೇ ಬರುತ್ತದೆ. ಇವೆಲ್ಲಕ್ಕಿಂತ ಮೊದಲು ಬೇಕಾದುದು, ಪ್ರತಿಯೊಂದು ಪದವನ್ನೂ ‘ನೀನು ಎಲ್ಲಿಯವನು?’ ಎಂದು ಕೇಳುವ ಅಭ್ಯಾಸ. ಅದು ಗಣಿತದ ಅಭ್ಯಾಸವೆಷ್ಟೋ ಸಾಹಿತ್ಯದ ಅಭ್ಯಾಸವೂ ಅಷ್ಟೇ.

ಒಂದು ಪ್ರಬಂಧದ ತಪ್ಪಿನಿಂದ ಏನು ಕೆಡುತ್ತಿತ್ತು ಎಂದು ಯಾರಾದರೂ ಕೇಳಬಹುದು. ನಮ್ಮ ರಾಜ್ಯದಲ್ಲಿ ಬರವನ್ನು ಘೋಷಿಸುವುದು ತಾಲ್ಲೂಕುವಾರು. ಮಳೆ ಎಷ್ಟು ಕಡಮೆಯಾಯಿತು, ಎಷ್ಟು ದಿನ ಒಣಗಿತು ಎಂಬ ಅಂಕೆಗಳೇ ಅದಕ್ಕೆ ಆಧಾರ. ಒಂದು ತಾಲ್ಲೂಕಿನ ಹೆಸರು ಪಟ್ಟಿಯಲ್ಲಿ ಸೇರುವುದು, ಬಿಡುವುದು ಎಂಬುದರಲ್ಲಿ ಸಾವಿರಾರು ಒಕ್ಕಲಿನ ವರ್ಷದ ಅನ್ನವಿದೆ. ಅಂಕೆಯನ್ನು ಅಳೆದ ಕೊಳಗ ಯಾವುದೆಂದು ಕೇಳದೆ ಅಂಕೆಯನ್ನು ಮಾತ್ರ ನಂಬಿದರೆ, ಯಾರೂ ಸುಳ್ಳು ಹೇಳದೆಯೇ ಸುಳ್ಳು ಹುಟ್ಟುತ್ತದೆ. ಮತ್ತೂ ಭಯದ ಸಂಗತಿಯೆಂದರೆ, ಆ ಸುಳ್ಳಿಗೆ ಕಾರಣಗಳನ್ನು ಹೊಂದಿಸಿಕೊಡುವ ಚಾತುರ್ಯ ನಮ್ಮ ಬುದ್ಧಿಗೆ ಎಂದೂ ಕಡಮೆಯಾಗುವುದಿಲ್ಲ. ಗುಡ್ಡಗಳು ಇದ್ದವು, ಗಾಳಿ ಇತ್ತು, ಮೋಡಗಳು ಹಾದುಹೋದದ್ದೂ ನಿಜ. ವಿವರಿಸಬೇಕಾಗಿದ್ದ ಅಂತರ ಒಂದೇ ಇರಲಿಲ್ಲ.

ಹುಡುಗಿ ಎಣಿಕೆಯನ್ನು ಮೊದಲಿನಿಂದ ಮತ್ತೆ ಮಾಡಿದಳು. ಎರಡು ತಾಲ್ಲೂಕಿನ ಮಳೆದಿನಗಳೂ ಅಕ್ಕಪಕ್ಕದ ಊರುಗಳಲ್ಲಿ ಇರಬೇಕಾದಂತೆಯೇ ಹತ್ತಿರ ಹತ್ತಿರ ಬಂದವು. ಗುಡ್ಡ, ಗಾಳಿ, ಮೋಡಗಳ ಆ ಪುಟವನ್ನು ಅವಳು ನನ್ನೆದುರಿನಲ್ಲಿಯೇ ಹೊಡೆದುಹಾಕಿದಳು. ನನ್ನ ‘ಬಹಳ ಚೆನ್ನಾಗಿದೆ’ ಎಂಬ ಷರಾವೂ ಆ ಗೆರೆಯ ಕೆಳಗೆ ಸಿಕ್ಕಿತು.

“ಇಡೀ ಪುಸ್ತಕದಲ್ಲಿ ಅದೊಂದೇ ಪುಟ ಚೆನ್ನಾಗಿ ಬರೆದಿದ್ದೆ ಸಾರ್” ಎಂದಳು.

ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಚ್ಚಾಗಿ ಬಂದ ಪ್ರತಿಯನ್ನು ಆಮೇಲೆ ನೋಡಿದೆ. ಪ್ರತಿಯೊಂದು ಕೋಷ್ಟಕದ ಕೆಳಗೂ, ಅದೇ ಪುಟದಲ್ಲಿಯೇ, ಒಂದು ಸಾಲು ಇತ್ತು: ಇಲ್ಲಿ ಮಳೆಯ ದಿನವೆಂದರೆ 2.5 ಮಿಲಿಮೀಟರು ಅಥವಾ ಅದಕ್ಕೆ ಮೇಲ್ಪಟ್ಟು ಮಳೆ ಬಿದ್ದ ದಿನ. ಹನ್ನೊಂದು ಕೋಷ್ಟಕಗಳಿದ್ದವು, ಹನ್ನೊಂದು ಸಲವೂ ಆ ಸಾಲನ್ನು ಬರೆದಿದ್ದಳು. ಪುನರುಕ್ತಿಯೆಂದು ನಾನು ಒಂದನ್ನೂ ತಿದ್ದಲಿಲ್ಲ.